ಕಾಣೆಯಾದ ಮೂವತ್ತೆರಡು ಪುಟ

ಮೊದಲು ಈ ಪುಸ್ತಕ ನೋಡಿ. ಬೆನ್ನಿಗೆ ಕಂದು ಟೇಪ್ ಸುತ್ತಿದ್ದೇನೆ. ಪಾರ್ಸೆಲ್‌ಗೆ ಹಾಕ್ತಾರಲ್ಲ, ಅದೇ ಟೇಪು. ಮಾಯಾಶಾಲೆಗೆ ಹೋಗುವ ಹುಡುಗನ ಕಥೆ ಹೇಳುವ ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕ ಇದು. 766 ಪುಟ. ಕೊನೆ ಹತ್ತಿರ ಒಂದು ಕಡೆ ಕಾಗದ ಜಾಸ್ತಿ ಬೆಳ್ಳಗಿದೆ, ಹಿಂದಿನ ಸಾಲಿನಲ್ಲಿ ಕೂತವರಿಗೂ ಕಾಣಬಹುದು. ಅದು ಯಾಕೆ ಹಾಗಿದೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ ಸ್ವಲ್ಪ ಹಿಂದೆ ಹೋಗಬೇಕು.

ನಾನು ಹುಟ್ಟಿದ್ದು 1989ರಲ್ಲಿ, ಬೆಳೆದದ್ದು ತಿಪಟೂರಿನಲ್ಲಿ. 2000ನೇ ಇಸವಿಯ ಬೇಸಿಗೆ ರಜೆಗೆ ಬೆಂಗಳೂರಿನ ದೊಡ್ಡಮ್ಮನ ಮಗ ನಮ್ಮ ಮನೆಗೆ ಬಂದಿದ್ದ. ವಾಪಸ್ ಹೋಗುವಾಗ ಒಂದು ಪುಸ್ತಕ ಮರೆತು ಹೋದ. ಅದು ಸರಣಿಯ ಮೂರನೆಯದು. ಹಿಂದೆ ಎರಡು ಪುಸ್ತಕ ಇವೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮದು ಹೆಸರಿಗೆ ಇಂಗ್ಲಿಷ್ ಮೀಡಿಯಂ. ಮೇಡಂ ಇಂಗ್ಲಿಷ್ ಪಾಠವನ್ನೂ ಕನ್ನಡದಲ್ಲೇ ಮಾಡುತ್ತಿದ್ದರು. ಹಾಗಾಗಿ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಅಪ್ಪನ ಪುಟ್ಟ ಡಿಕ್ಷನರಿ. ದಿನಕ್ಕೆ ನಾಲ್ಕು ಪುಟ ಓದಿದರೆ ದೊಡ್ಡದು.

ಈಗ ಒಂದು ತಮಾಷೆ. ಆ ಮೂರನೇ ಪುಸ್ತಕದಲ್ಲಿ ಮುಖ್ಯ ಖಳನಾಯಕ ಬರುವುದೇ ಇಲ್ಲ. ಎಲ್ಲರೂ ಅವನಿಗೆ ಹೆದರುತ್ತಾರೆ, ಹೆಸರು ಹೇಳುವವರು ತೀರಾ ಕಡಿಮೆ. 'ಅದೇ, ನಿಂಗೊತ್ತಲ್ಲ, ಅವನು' ಅನ್ನುವ ಧಾಟಿ. ಇದು ವಿಚಿತ್ರ ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಕತ್ತಲಾದ ಮೇಲೆ ಹಾವು ಅನ್ನುವ ಹಾಗಿರಲಿಲ್ಲ, ಹುಳ ಅನ್ನಬೇಕಿತ್ತು. ಅಜ್ಜಿ ತಾತನ ಹೆಸರನ್ನು ಬಾಯಲ್ಲಿ ತಂದವಳೇ ಅಲ್ಲ. ರೇಷನ್ ಕಾರ್ಡ್ ಕೆಲಸಕ್ಕೆ ಬಂದವರು "ಯಜಮಾನರ ಹೆಸರು?" ಅಂದರೆ ಅಜ್ಜಿ ನನ್ನ ಕಡೆ ನೋಡುತ್ತಿದ್ದಳು. ನಾನು ಹೇಳಬೇಕು. ಒಂದು ಸಲ ಬೇಕಂತಲೇ ಸುಮ್ಮನೆ ನಿಂತೆ. ಅಜ್ಜಿ ಕ್ಯಾಲೆಂಡರಿನಲ್ಲಿದ್ದ ನರಸಿಂಹಸ್ವಾಮಿಯ ಚಿತ್ರ ತೋರಿಸಿದಳು. ಹೆಸರು ಬಾಯಿಗೆ ಬಂದರೆ ಏನೋ ಆಗುತ್ತದೆ ಅನ್ನುವುದು ನನಗೆ ಹೊಸ ವಿಷಯ ಆಗಿರಲಿಲ್ಲ, ಅಲ್ವಾ?

ಆದರೆ ಎಲ್ಲವೂ ಹೀಗೆ ಹೊಂದಿಕೊಳ್ಳಲಿಲ್ಲ. ಆ ಲೋಕದಲ್ಲಿ ಹನ್ನೊಂದು ವರ್ಷ ತುಂಬಿದವರಿಗೆ ಮಾಯಾಶಾಲೆಯಿಂದ ಕಾಗದ ಬರುತ್ತದೆ. ತರುವುದು ಗೂಬೆ. ನನಗೂ ಆಗ ಹನ್ನೊಂದು. ಸಂಜೆ ಹೊತ್ತು ತೆಂಗಿನ ಮರಗಳ ಕಡೆ ನೋಡುತ್ತಾ ಕೂರುತ್ತಿದ್ದೆ. ಯಾಕೆ ಅಂತ ಅಜ್ಜಿ ಕೇಳಿದಳು. ಗೂಬೆ ಬರುತ್ತೆ, ನನಗೆ ಕಾಗದ ತರುತ್ತೆ ಅಂದೆ. ಅವಳ ಮುಖ ನೋಡಬೇಕಿತ್ತು. "ಬಿಡ್ತು ಅನ್ನು! ಗೂಬೆ ಮನೆ ಮೇಲೆ ಕೂತ್ರೆ ಶಾಂತಿ ಮಾಡಿಸ್ಬೇಕು!" ಅಂತ ಬೈದಳು. ಆಮೇಲೆ ಒಂದು ವಾರ ನನ್ನನ್ನು ಸಂಜೆ ಹೊರಗೆ ಬಿಡಲಿಲ್ಲ.

ಊಟ ತಿಂಡಿಯ ಸಮಸ್ಯೆ ಬೇರೆ. ಆ ಮಕ್ಕಳು ಕುಂಬಳಕಾಯಿ ಜ್ಯೂಸ್ ಕುಡಿಯುತ್ತಾರೆ. ನಮಗೆ ಗೊತ್ತಿದ್ದ ಕುಂಬಳಕಾಯಿ ಎರಡು. ಒಂದು ಹುಳಿಗೆ ಹಾಕುವುದು, ಇನ್ನೊಂದು ಆಯುಧಪೂಜೆ ದಿನ ಬಸ್ಸಿನ ಮುಂದೆ ಒಡೆಯುವುದು. ಎರಡರ ಜ್ಯೂಸನ್ನೂ ಯಾರೂ ಆಸೆಪಟ್ಟು ಕುಡಿಯೋದನ್ನ ನಾನು ನೋಡಿರಲಿಲ್ಲ. ಕೊನೆಗೆ ನನ್ನ ಕಲ್ಪನೆಯಲ್ಲಿ ಅದು ಪಾನಕ ಆಯಿತು. ಆ ಮಾಯಾಶಾಲೆ ಹಾಗ್ವಾರ್ಟ್ಸ್‌ನ ದೊಡ್ಡ ಊಟದ ಹಾಲ್ ನಮ್ಮೂರಿನ ಕಲ್ಯಾಣ ಮಂಟಪ ಆಯಿತು, ಮೇಲೆ ತೇಲುವ ಮೇಣದಬತ್ತಿ ಅಷ್ಟೇ ಹೊಸದು. ಆ ಮಕ್ಕಳು ಶಾಲೆಯ ರೈಲು ಹತ್ತುವುದು ಎರಡು ಪ್ಲಾಟ್‌ಫಾರಂಗಳ ನಡುವಿನ ಗೋಡೆಯೊಳಗೆ ನುಗ್ಗಿ. ಹಾಗಾಗಿ ಅರಸೀಕೆರೆ ಜಂಕ್ಷನ್‌ನಲ್ಲಿ ಹಾಸನದ ರೈಲಿಗೆ ಕಾಯುವಾಗ ಎರಡು ಪ್ಲಾಟ್‌ಫಾರಂಗಳ ನಡುವಿನ ಕಂಬಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ್ದೇನೆ. ಯಾವುದೂ ಒಳಗೆ ಬಿಡಲಿಲ್ಲ.

ಹೆಸರುಗಳ ಕಥೆ ಕೇಳಿ. ಹ್ಯಾರಿಯ ಗೆಳತಿಯನ್ನು ನಾನು 'ಹರ್ಮಿಯೋನ್' ಅಂತ ಓದಿಕೊಂಡಿದ್ದೆ. ಕೊನೆಯಲ್ಲಿ ಆ 'e' ಅಕ್ಷರ ಸುಮ್ನೆ ಇದೆ ಅಂದುಕೊಂಡಿದ್ದೆ. ನಾಲ್ಕನೇ ಪುಸ್ತಕದಲ್ಲಿ ಒಂದು ನೃತ್ಯಕೂಟ ಇದೆ. ಅಲ್ಲಿ ಅವಳು ಬಲ್ಗೇರಿಯಾದ ಹುಡುಗನಿಗೆ ತನ್ನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿಕೊಡುತ್ತಾಳೆ. ಹರ್-ಮೈ-ಓ-ನೀ. ಆ ಪುಟದಲ್ಲಿ ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಹೇಗೆ ಹೇಳಬೇಕೆಂದು ಓದುಗರು ಕೇಳುತ್ತಿದ್ದರು ಅಂತಲೇ ಲೇಖಕಿ ರೌಲಿಂಗ್ ಆ ಪಾಠ ಸೇರಿಸಿದ್ದು. ಇಂಗ್ಲಿಷ್ ಮನೆಮಾತಾದ ಮಕ್ಕಳೂ ತಪ್ಪು ಓದುತ್ತಿದ್ದರು ಅಂತ ತಿಳಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಅದೇ ನೃತ್ಯಕೂಟದಲ್ಲಿ ಪಾರ್ವತಿ ಪಾಟೀಲ್, ಪದ್ಮಾ ಪಾಟೀಲ್ ಅಂತ ಅವಳಿ ಅಕ್ಕತಂಗಿಯರು ಬರುತ್ತಾರೆ. ಪಾರ್ವತಿದು ಕಣ್ಣು ಕುಕ್ಕುವ ಗುಲಾಬಿ ಬಟ್ಟೆ, ಪದ್ಮಾದು ಹೊಳೆಯುವ ಹಸಿರುನೀಲಿ. ಹ್ಯಾರಿ ಮತ್ತು ಅವನ ಗೆಳೆಯ ರಾನ್ ಅವರನ್ನು ಜೊತೆಗೆ ಕರೆದುಕೊಂಡು ಬಂದು, ಮೂಲೆಯಲ್ಲಿ ಕೂರಿಸಿ, ತಾವು ಬೇರೆ ಹುಡುಗಿಯರ ಕಡೆ ನೋಡುತ್ತಾ ಮುಖ ಊದಿಸಿಕೊಂಡಿರುತ್ತಾರೆ. ಮುಂದೆ ಹಾಸ್ಟೆಲ್‌ನಲ್ಲಿ ವಿಜಯಪುರದ ಗೆಳತಿ ಒಬ್ಬಳಿದ್ದಳು, ಅವಳೂ ಪಾಟೀಲಳೇ. "ನಮ್ಮ ಮನಿ ಹುಡುಗ್ಯಾರನ್ನ ಕರ್ಕೊಂಡು ಹೋಗಿ ಹಿಂಗ ಮಾಡ್ತಾರೇನು?" ಅಂತ ಅವಳಿಗೆ ಹ್ಯಾರಿಯ ಮೇಲೆ ಇವತ್ತಿಗೂ ಸಿಟ್ಟಿದೆ.

ಮೊದಲ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಮೂರನೆಯದಾದ ಮೇಲೆ. ಹೆಸರಿನಲ್ಲೇ ಇರುವ ಫಿಲಾಸಫರ್ ಅಂದರೆ ಡಿಕ್ಷನರಿ ತತ್ವಜ್ಞಾನಿ ಅನ್ನುತ್ತದೆ. ತತ್ವಜ್ಞಾನಿಯ ಕಲ್ಲು ಅಂದರೆ ಏನು? ತುಂಬಾ ದಿನ ತಲೆ ಕೆರೆದುಕೊಂಡೆ. ಕೆಲವು ವರ್ಷದ ನಂತರ ಹಿಂದಿ ಅನುವಾದ ಕಣ್ಣಿಗೆ ಬಿತ್ತು. ಮುಖಪುಟದಲ್ಲಿ 'ಪಾರಸ್ ಪತ್ಥರ್' ಅಂತಿತ್ತು. ಅರೆ, ಪರುಷಮಣಿ! ಕಬ್ಬಿಣ ಮುಟ್ಟಿದರೆ ಚಿನ್ನ ಆಗುವ ಕಲ್ಲು! ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ? ಅಮೆರಿಕದಲ್ಲಿ ಪ್ರಕಾಶಕರು ಆ ಫಿಲಾಸಫರನ್ನೇ ತೆಗೆದು ಮಂತ್ರವಾದಿ ಅನ್ನುವ ಅರ್ಥದ ಪದ ಹಾಕಿದರು.

ಆ ಮೊದಲ ಪುಸ್ತಕ ಬ್ರಿಟನ್ನಿನಲ್ಲಿ ಬಂದದ್ದು 1997ರ ಜೂನ್ 26ರಂದು. ಗಟ್ಟಿ ರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ. ಹೆಂಗಸು ಬರೆದದ್ದು ಅಂದರೆ ಗಂಡು ಹುಡುಗರು ಓದುವುದಿಲ್ಲವೇನೋ ಅಂತ ಪ್ರಕಾಶಕರಿಗೆ ಹೆದರಿಕೆ ಇತ್ತು. ಹಾಗಾಗಿ ಜೋಆನ್ ಅನ್ನುವ ಹೆಸರು ಜೆ.ಕೆ. ರೌಲಿಂಗ್ ಆಯಿತು. ಜೆ ಅವರದು. ಕೆ ಅವರ ಅಜ್ಜಿಯದು, ಕ್ಯಾಥ್ಲೀನ್. ನಾವು ಇನಿಷಿಯಲ್‌ಗೆ ಊರಿನ ಹೆಸರು, ಅಪ್ಪನ ಹೆಸರು ಹಾಕಿಕೊಳ್ಳುತ್ತೇವೆ. ಅಜ್ಜಿಯ ಹೆಸರು ಹಾಕಿಕೊಂಡವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ.

ಸರಿ, ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯ. ಕಾಯುವುದು.

ನಾಲ್ಕನೇ ಪುಸ್ತಕ ಬಂದದ್ದು 2000ದ ಜುಲೈ 8ಕ್ಕೆ. ಐದನೆಯದು 2003ರ ಜೂನ್ 21ಕ್ಕೆ. ಹತ್ತಿರ ಹತ್ತಿರ ಮೂರು ವರ್ಷ. ಮೊದಲ ಮೂರು ಪುಸ್ತಕ ವರ್ಷಕ್ಕೊಂದರಂತೆ ಬಂದಿದ್ದವು, ಆಮೇಲೆ ಈ ದೊಡ್ಡ ಖಾಲಿ. ದೊಡ್ಡವರಿಗೆ ಮೂರು ವರ್ಷ ಏನೂ ಅಲ್ಲ. ಹನ್ನೊಂದರ ಹುಡುಗಿಗೆ ಅದು ಒಂದು ಜನ್ಮ. ನಾಲ್ಕನೆಯದು ಮುಗಿಸಿದಾಗ ನಾನು ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆ. ಐದನೆಯದು ಬರುವ ಹೊತ್ತಿಗೆ ಒಂಬತ್ತನೇ ಕ್ಲಾಸು. ಅಮ್ಮ ಏನು ಹೇಳಿದರೂ ಕೋಪ, ಬಾಗಿಲು ದಡಾರ್ ಅಂತ ಹಾಕುವುದು. ಪುಸ್ತಕ ತೆರೆದರೆ ಹ್ಯಾರಿಯೂ ಹಾಗೇ ಆಗಿದ್ದಾನೆ! ಗೆಳೆಯರ ಮೇಲೆ ಕಿರುಚುತ್ತಾನೆ. ಆ ಕಿರುಚಾಟವೆಲ್ಲ ದೊಡ್ಡಕ್ಷರದಲ್ಲೇ ಅಚ್ಚಾಗಿದೆ. ಹ್ಯಾರಿ ಈ ಪುಸ್ತಕದಲ್ಲಿ ತುಂಬಾ ಕಿರಿಕಿರಿ ಅಂತ ಇವತ್ತಿನ ಮಕ್ಕಳು ಹೇಳುವುದನ್ನು ಕೇಳಿದ್ದೇನೆ. ಶನಿವಾರ ನಾಲ್ಕನೆಯದು ಮುಗಿಸಿ ಭಾನುವಾರ ಐದನೆಯದು ಶುರು ಮಾಡಿದರೆ ಹಾಗೇ ಅನ್ನಿಸುತ್ತದೆ. ನಡುವಿನ ಮೂರು ವರ್ಷ ಅವರಿಗೆ ಸಿಕ್ಕಿಲ್ಲವಲ್ಲ.

ನನ್ನ ಕಾಯುವಿಕೆ ಮನೆಯಲ್ಲಿ ಅರ್ಥ ಆಗಿದ್ದು ಅಮ್ಮನಿಗೆ ಮಾತ್ರ. ಅವಳು 'ಸುಧಾ' ವಾರಪತ್ರಿಕೆಯ ಧಾರಾವಾಹಿಗೆ ಕಾದವಳು. ಪತ್ರಿಕೆ ಬಂದ ದಿನ ಒಗ್ಗರಣೆ ಸೀದರೂ ಗೊತ್ತಾಗುತ್ತಿರಲಿಲ್ಲ. ಧಾರಾವಾಹಿ ಮುಗಿದ ಮೇಲೆ ಆ ಪುಟಗಳನ್ನಷ್ಟೇ ಬ್ಲೇಡಿನಲ್ಲಿ ಕತ್ತರಿಸಿ, ಜೋಡಿಸಿ, ದಬ್ಬಳದಲ್ಲಿ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಹೊದಿಕೆ ಹಾಕುತ್ತಿದ್ದಳು. ಅಂಥ ಹನ್ನೊಂದು ಕಟ್ಟು ನಮ್ಮ ಅಟ್ಟದ ಮೇಲಿದ್ದವು. ಒಂದರಲ್ಲಿ ಒಂದು ವಾರದ ಕಂತು ಇಲ್ಲ. ನಾನು ಹುಟ್ಟಿದ ವಾರ ಅದು. ಆ ಕಂತಿನಲ್ಲಿ ಏನಾಯಿತು ಅಂತ ಅವಳು ಪಕ್ಕದ ಮನೆಯವರಿಂದ ಬಾಯಿಮಾತಲ್ಲಿ ಕೇಳಿ ತಿಳಿದುಕೊಂಡಳಂತೆ.

ಅಂತೂ 2003ರಲ್ಲಿ ಐದನೇ ಪುಸ್ತಕ ಬಂತು. ಅಂಗಡಿಯಲ್ಲಿ ಅದರ ಬೆಲೆ ನೋಡಿ ಅಪ್ಪ ಹೌಹಾರಿದರು. ಬೆಂಗಳೂರಿನ ಫುಟ್‌ಪಾತ್‌ನಲ್ಲಿ ನೂರೈವತ್ತು ರೂಪಾಯಿಗೆ ಸಿಕ್ಕಿತು. ಕಳ್ಳ ಮುದ್ರಣ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾಗದ ತೆಳು, ಶಾಯಿ ಬೆರಳಿಗೆ ಅಂಟುತ್ತಿತ್ತು. ಎರಡು ವಾರ ಓದಿದೆ. ಏಳುನೂರು ಪುಟ ದಾಟಿತು. ಕೊನೆಯ ದೊಡ್ಡ ಕಾಳಗ ನಡೆಯುತ್ತಿದೆ. ಹ್ಯಾರಿಗೆ ತಂದೆಯ ಸಮಾನ ಆದ ಸಿರಿಯಸ್ ಬಂದು ಕಾದಾಡುತ್ತಿದ್ದಾನೆ. ಪುಟ ತಿರುಗಿಸಿದೆ. ಮುಂದಿನ ಪುಟದಲ್ಲಿ ಎಲ್ಲರೂ ಪರೀಕ್ಷೆ ಬರೆಯುತ್ತಿದ್ದಾರೆ!

ನನ್ನ ತಲೆಯೇ ಕೆಟ್ಟಿತು ಅಂದುಕೊಂಡೆ. ಪುಟದ ನಂಬರ್ ನೋಡಿದೆ. ಹಿಂದೆ ಓದಿದ್ದ 32 ಪುಟಗಳೇ ಮತ್ತೆ ಬಂದಿವೆ. ಪುಸ್ತಕ ಅಚ್ಚಾಗುವುದು ಒಂದೊಂದೇ ಪುಟವಾಗಿ ಅಲ್ಲ. ದೊಡ್ಡ ಹಾಳೆಯಲ್ಲಿ ಹದಿನಾರೋ ಮೂವತ್ತೆರಡೋ ಪುಟ ಒಟ್ಟಿಗೆ ಅಚ್ಚಾಗಿ, ಮಡಚಿ, ಫಾರಂ ಫಾರಂ ಜೋಡಿಸುತ್ತಾರೆ. ಜೋಡಿಸುವವರು ಒಂದೇ ಫಾರಂ ಎರಡು ಸಲ ಇಟ್ಟರೆ ಇನ್ನೊಂದು ಹೋಯಿತು. ಇದೆಲ್ಲ ಈಗ ಗೊತ್ತು. ಆವತ್ತು ಗೊತ್ತಿದ್ದದ್ದು ಇಷ್ಟೇ: 32 ಪುಟ ದಾಟಿದ ಮೇಲೆ ಹ್ಯಾರಿ ಹೆಡ್‌ಮಾಸ್ಟರ್ ಕೋಣೆಯಲ್ಲಿದ್ದಾನೆ. ಡಂಬಲ್‌ಡೋರ್ ಮೆತ್ತಗೆ ಮಾತಾಡುತ್ತಿದ್ದಾರೆ. ಸಿರಿಯಸ್ ಹಾಗಿದ್ದ, ಹೀಗಿದ್ದ ಅನ್ನುತ್ತಿದ್ದಾರೆ. 'ಇದ್ದಾನೆ' ಹೋಗಿ 'ಇದ್ದ' ಆಗಿಬಿಟ್ಟಿದೆ. ಅವನು ಸತ್ತದ್ದು ನನಗೆ ವ್ಯಾಕರಣದಿಂದ ಗೊತ್ತಾಯಿತು.

ಹೇಗೆ ಸತ್ತ? ಯಾರು ಕೊಂದರು? ದೊಡ್ಡಮ್ಮನ ಮಗನಿಗೆ ಕಾಗದ ಬರೆದೆ. ಉತ್ತರ ಬರುವವರೆಗೆ ಸುಮ್ಮನಿರಲು ಆಗಲಿಲ್ಲ. ಒಂದು ಲಾಂಗ್ ನೋಟ್‌ಬುಕ್ ತೆಗೆದುಕೊಂಡು ಆ 32 ಪುಟ ನಾನೇ ಬರೆದೆ. ಕನ್ನಡದಲ್ಲಿ. ನನಗೆ ಜಗಳ ಆಡಲು ಬರುತ್ತಿದ್ದುದು ಕನ್ನಡದಲ್ಲಿ ಮಾತ್ರ. ನನ್ನ ಸಿರಿಯಸ್ ಒಬ್ಬನೇ ಹದಿನೇಳು ಜನರನ್ನು ಹೊಡೆದುರುಳಿಸಿ, ಮೈತುಂಬಾ ಗಾಯ ಆಗಿ, ಹ್ಯಾರಿಯ ತೊಡೆಯ ಮೇಲೆ ತಲೆಯಿಟ್ಟು, ಒಂದೂವರೆ ಪುಟ ಮಾತಾಡಿ ಸತ್ತ. ಅಭಿಮನ್ಯುವಿನ ಸಾವಿಗೆ ಭೀಷ್ಮನ ಭಾಷಣ ಸೇರಿಸಿದ ಹಾಗಿತ್ತು.

ಮೂರು ತಿಂಗಳಾದ ಮೇಲೆ ಅಂಚೆಯಲ್ಲಿ ಆ 32 ಪುಟದ ಜೆರಾಕ್ಸ್ ಬಂತು. ಈ ಬೆಳ್ಳಗಿನ ಕಾಗದ ಅದೇ. ಕೈಕಾಲು ತೊಳೆದುಕೊಂಡು ಓದಲು ಕೂತೆ. ಸಿರಿಯಸ್ ನಗುತ್ತಾ ಕಾದಾಡುತ್ತಿದ್ದಾನೆ. ಎದೆಗೆ ಒಂದು ಏಟು ಬೀಳುತ್ತದೆ. ಹಿಂದೆ ಒಂದು ಹಳೇ ಕಮಾನು, ಅದಕ್ಕೆ ಹರಿದ ಪರದೆ. ಅದರೊಳಕ್ಕೆ ಬೀಳುತ್ತಾನೆ. ಅಷ್ಟೇ. ಮಾತಿಲ್ಲ, ರಕ್ತ ಇಲ್ಲ, ಹೆಣವೂ ಇಲ್ಲ. "ಇಷ್ಟೇನಾ?" ಅಂತ ಜೋರಾಗಿ ಅಂದೆ. ಅಮ್ಮ ಅಡುಗೆಮನೆಯಿಂದ ಏನಾಯ್ತೇ ಅಂದಳು. ಲೇಖಕಿ ಮೋಸ ಮಾಡಿದಳು ಅಂತ ಎಷ್ಟೋ ದಿನ ಸಿಟ್ಟಿತ್ತು. ಆಮೇಲೆ ನಮ್ಮ ಮನೆಯಲ್ಲೇ ಒಂದು ಸಾವು ನೋಡಿದೆ. ಸೋದರಮಾವ ಕಾಫಿ ಲೋಟ ಕೆಳಗಿಟ್ಟವರು ಮೇಲೆ ಏಳಲಿಲ್ಲ. ನನ್ನ 32 ಪುಟಕ್ಕಿಂತ ಆ ಹರಿದ ಪರದೆಯೇ ಸರಿ ಅಂತ ಒಪ್ಪಿಕೊಳ್ಳಲು ನನಗೆ ಅಷ್ಟು ಸಮಯ ಬೇಕಾಯಿತು.

ಆರನೆಯದು 2005ರ ಜುಲೈನಲ್ಲಿ ಬಂತು. ಕೊನೆಗೆ ಯಾರು ಸಾಯುತ್ತಾರೆ ಅಂತ ಟ್ಯೂಷನ್‌ನಲ್ಲಿ ಒಬ್ಬ ಹುಡುಗ ಕೂಗಿ ಹೇಳಿಬಿಟ್ಟ. ಅವನ ಜೊತೆ ನಾನು ಪಿಯುಸಿ ಮುಗಿಯುವವರೆಗೂ ಮಾತಾಡಲಿಲ್ಲ. ಇರಲಿ. ಆ ಪುಸ್ತಕದಲ್ಲಿ ಖಳನಾಯಕನ ಗುಟ್ಟು ಹೊರಬೀಳುತ್ತದೆ. ಅವನು ತನ್ನ ಪ್ರಾಣವನ್ನು ತುಂಡು ಮಾಡಿ ಉಂಗುರ, ಬಟ್ಟಲು ಅಂತ ಬೇರೆ ಬೇರೆ ವಸ್ತುಗಳಲ್ಲಿ ಬಚ್ಚಿಟ್ಟಿದ್ದಾನೆ. ಅಜ್ಜಿಗೆ ಇದನ್ನು ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. "ಇದು ಗಿಳಿ ಕಥೆ ಅಲ್ವೇನೇ? ಏಳು ಸಮುದ್ರದಾಚೆ ರಾಕ್ಷಸನ ಪ್ರಾಣ ಗಿಳಿಯಲ್ಲಿರತ್ತೆ" ಅಂದಳು. ಹೌದಲ್ಲ! ಹದಿನಾರು ವರ್ಷದಿಂದ ಗೊತ್ತಿದ್ದ ಕಥೆ. ಇಷ್ಟು ದಪ್ಪ ಇಂಗ್ಲಿಷ್ ಪುಸ್ತಕದೊಳಗೆ ಅದೇ ಇರುತ್ತೆ ಅಂತ ನನಗೆ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಜ್ಜಿ ಇನ್ನೊಂದು ಕೇಳಿದಳು: "ಆ ಹುಡುಗನ ಹಣೆ ಮೇಲೆ ಗುರುತಿದೆ ಅಂದ್ಯಲ್ಲ, ಅದ್ಯಾಕೆ?" ಅಯ್ಯೋ ಅಜ್ಜಿ, ಅದು ಹಳೇ ಗಾಯ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಬಿಟ್ಟೆ. ಮುಂದಿನ ಎರಡು ವರ್ಷ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಸೈಬರ್ ಕೆಫೆಯಲ್ಲಿ ಕೂತು, ಯಾವ ವಸ್ತುವಿನಲ್ಲಿ ಪ್ರಾಣ ಇದೆ ಅಂತ ಜಗತ್ತಿನವರೆಲ್ಲ ವಾದ ಮಾಡುವುದನ್ನು ಓದಿದೆ.

ಏಳನೆಯದು 2007ರ ಜುಲೈ 21, ಶನಿವಾರ. ಲಂಡನ್ನಿನಲ್ಲಿ ಮಧ್ಯರಾತ್ರಿ 12 ಗಂಟೆ 1 ನಿಮಿಷ ಅಂದರೆ ನಮ್ಮಲ್ಲಿ ಬೆಳಗಿನ ಜಾವ 4 ಗಂಟೆ 31 ನಿಮಿಷ. ಆಗ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಹದಿನೆಂಟು ವರ್ಷ. ಹಾಲಿನ ವ್ಯಾನ್ ಬಿಟ್ಟರೆ ರಸ್ತೆಯಲ್ಲಿ ಏನೂ ಇಲ್ಲ. ಆಟೋದವರು ಒಂದೂವರೆ ಪಟ್ಟು ಕೇಳಿದರು. ಅಂಗಡಿ ಮುಂದೆ ಆಗಲೇ ಸಾಲು ಇತ್ತು. ಅಪ್ಪನ ಲಾಯರ್ ಕೋಟು ಹಾಕಿಕೊಂಡು ಮಂತ್ರವಾದಿ ಆಗಿದ್ದ ಒಬ್ಬ ಹುಡುಗ ನಿಂತಲ್ಲೇ ತೂಕಡಿಸುತ್ತಿದ್ದ. ಈ ಸಲ ದುಡ್ಡು ಕೂಡಿಟ್ಟಿದ್ದೆ. ಅಸಲಿ ಪ್ರತಿ, ಹತ್ತಿರ ಹತ್ತಿರ ಸಾವಿರ ರೂಪಾಯಿ. ಹಾಸ್ಟೆಲ್‌ಗೆ ಬಂದ ಕೂಡಲೇ ಮೊದಲು ಮಾಡಿದ ಕೆಲಸ, ಪುಟದ ನಂಬರ್‌ಗಳನ್ನು ಒಂದರಿಂದ ಕೊನೆಯವರೆಗೂ ಎಣಿಸಿದ್ದು. 607. ಎಲ್ಲ ಇದ್ದವು.

ಭಾನುವಾರ ಮಧ್ಯಾಹ್ನ ಮುಗಿಯಿತು. ಹಣೆಯ ಗುರುತಿನ ವಿಷಯ ನಿಮಗೆ ಗೊತ್ತಲ್ಲ, ಗೊತ್ತಿಲ್ಲದವರಿಗೆ ನಾನು ಹೇಳುವುದಿಲ್ಲ. ತಿಪಟೂರಿಗೆ ಫೋನ್ ಮಾಡಿ, ಅಜ್ಜಿ, ನೀನು ಹೇಳಿದ್ದೇ ಸರಿ ಅಂತ ಕಿರುಚಿದೆ. "ಯಾವ ಹುಡುಗ?" ಅಂದಳು. ಅವಳಿಗೆ ನೆನಪೇ ಇರಲಿಲ್ಲ.

ಕಾದು ಓದಿದ್ದಾಯಿತು. ಆದರೆ ಆಮೇಲೆ ಮತ್ತೆ ಓದಿದ್ದೂ ಇದೆ. ಇಪ್ಪತ್ತೈದು ದಾಟಿದ ಮೇಲೆ ನಾಲ್ಕನೆಯದನ್ನು ಇನ್ನೊಮ್ಮೆ ತೆಗೆದೆ. ಅದರಲ್ಲಿ ಎಲ್ಫ್‌ಗಳು ಬರುತ್ತವೆ. ಮಂತ್ರವಾದಿಗಳ ಮನೆಯಲ್ಲಿ ತಲೆಮಾರುಗಟ್ಟಲೆ ಸಂಬಳ ಇಲ್ಲದೆ ದುಡಿಯುವ ಪುಟ್ಟ ಜೀವಿಗಳು. ಇದು ಅನ್ಯಾಯ ಅಂತ ಹರ್ಮೈನಿ ಸಂಘ ಕಟ್ಟುತ್ತಾಳೆ, ಬ್ಯಾಡ್ಜ್ ಮಾರುತ್ತಾಳೆ. ಎಲ್ಲರೂ ನಗುತ್ತಾರೆ. ಹನ್ನೊಂದರಲ್ಲಿ ನಾನೂ ನಕ್ಕಿದ್ದೆ. ಅವಕ್ಕೇ ಬೇಡ ಅಂದ ಮೇಲೆ ಇವಳಿಗ್ಯಾಕೆ ಅಂತ. ಈ ಸಲ ಓದುವಾಗ ನಮ್ಮ ಹಿತ್ತಲಿನ ಒಗೆಯೋ ಕಲ್ಲು ಕಣ್ಣ ಮುಂದೆ ಬಂತು. ಅದರ ಪಕ್ಕ ಒಂದು ಸ್ಟೀಲ್ ಲೋಟ ಬೋರಲು ಹಾಕಿರುತ್ತಿತ್ತು. ಪಾತ್ರೆ ತೊಳೆಯಲು ಬರುತ್ತಿದ್ದವಳ ಲೋಟ. ಅವಳೇ ತೊಳೆದು ಅವಳೇ ಬೋರಲು ಹಾಕಬೇಕು. ಕಾಫಿಯನ್ನು ಮೇಲಿಂದ ಹುಯ್ಯುತ್ತಿದ್ದವಳು ನನ್ನ ಇದೇ ಅಜ್ಜಿ. ಎರಡನೇ ಪುಸ್ತಕದಲ್ಲಿ ಹರ್ಮೈನಿಯನ್ನು, ಅವಳ ಅಪ್ಪ ಅಮ್ಮ ಮಂತ್ರವಾದಿಗಳಲ್ಲ ಅಂತ, ಕೊಳಕು ರಕ್ತದವಳು ಎಂದು ಬೈದಾಗ ನಾನು ಅತ್ತಿದ್ದೆ. ಅತ್ತು, ಎದ್ದು, ಆ ಲೋಟದ ಪಕ್ಕದಲ್ಲೇ ಮುಖ ತೊಳೆದುಕೊಂಡಿರುತ್ತೇನೆ.

ರೌಲಿಂಗ್ ಕೂಡ ಇಲ್ಲಿ ಜಾರಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ. ಎಲ್ಫ್‌ಗಳ ಪ್ರಶ್ನೆ ಎತ್ತಿದವರು ಅವರೇ, ಅದನ್ನು ತಮಾಷೆ ಮಾಡಿ ಅರ್ಧಕ್ಕೆ ಬಿಟ್ಟವರೂ ಅವರೇ. ಏಳನೇ ಪುಸ್ತಕದಲ್ಲಿ ಇಡೀ ಯುದ್ಧ ಗೆದ್ದು ಸುಸ್ತಾದ ಹ್ಯಾರಿ ಮಲಗುವ ಮುಂಚೆ ಏನು ಯೋಚಿಸುತ್ತಾನೆ ಹೇಳಿ? ಮನೆಯ ಎಲ್ಫ್ ಒಂದು ಸ್ಯಾಂಡ್‌ವಿಚ್ ತಂದುಕೊಡಬಹುದಾ ಅಂತ. ಹದಿನೆಂಟರಲ್ಲಿ ನಾನು ಆ ಸಾಲನ್ನು ಗಮನಿಸಿರಲೇ ಇಲ್ಲ.

ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ರೌಲಿಂಗ್ 2019ರ ಕೊನೆಯಿಂದ ಆಡುತ್ತಿರುವ ಮಾತುಗಳ ಬಗ್ಗೆ ನೀವು ಕೊನೆಗೆ ಕೇಳೇ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ನನಗೆ ಬೇಸರ ಆಗಿದೆ. ಹ್ಯಾರಿಯ ಪಾತ್ರ ಮಾಡಿದ ಡೇನಿಯಲ್ ರ‍್ಯಾಡ್‌ಕ್ಲಿಫ್ ಕೂಡ ಅದನ್ನು ಒಪ್ಪದೆ ಬಹಿರಂಗವಾಗಿ ಬರೆದರು. ಪುಸ್ತಕಗಳನ್ನು ನಾನು ಕಪಾಟಿನಿಂದ ತೆಗೆದಿಲ್ಲ. ಹೊಸ ಪ್ರತಿ ಕೊಳ್ಳುವುದನ್ನು ಬಿಟ್ಟಿದ್ದೇನೆ.

ಅದಕ್ಕೇ ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮಗಳಿಗೆ ಈ ಹಳೇ ಪ್ರತಿಗಳನ್ನೇ ಕೊಟ್ಟೆ. ಹತ್ತು ವರ್ಷ ಅವಳಿಗೆ. ಐದು ವಾರದಲ್ಲಿ ಏಳೂ ಮುಗಿಸಿದಳು. ಒಂದು ದಿನ ಈ ಪುಸ್ತಕ ಹಿಡಿದುಕೊಂಡು ಬಂದಳು. "ದೊಡ್ಡಮ್ಮ, ಇಲ್ಲಿ ಪೇಪರ್ ಯಾಕೆ ಬೇರೆ ಇದೆ?" ಎಲ್ಲ ಹೇಳಿದೆ. ಮೂರು ತಿಂಗಳು ಕಾದೆ ಅಂದಾಗ, ಫೋನ್ ಯಾಕೆ ಮಾಡಲಿಲ್ಲ ಅಂದಳು. ಎಸ್‌ಟಿಡಿ ಬಿಲ್ಲಿನ ಬಗ್ಗೆ ಹೇಳಲು ಹೋಗಿ ಸೋತೆ. ನೋಟ್‌ಬುಕ್ ಇದೆಯಾ ಅಂದಳು. ಅಮ್ಮನ ಧಾರಾವಾಹಿ ಕಟ್ಟುಗಳ ಜೊತೆ ಅಟ್ಟದ ಮೇಲಿತ್ತು, ತೆಗೆದುಕೊಟ್ಟೆ. ಕನ್ನಡ ಅವಳಿಗೆ ನಿಧಾನ. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ನನ್ನ 32 ಪುಟಕ್ಕೆ ನಾಲ್ಕು ದಿನ ತೆಗೆದುಕೊಂಡಳು. ಮುಗಿಸಿ ಬಂದು ಹೇಳಿದಳು:

"ಫೈಟಿಂಗ್ ಇದ್ರಲ್ಲೇ ಚೆನ್ನಾಗಿದೆ. ಆದ್ರೆ ಸಿರಿಯಸ್ ಯಾಕೆ ನಮ್ಮ ಮುತ್ತಜ್ಜಿ ಥರ ಮಾತಾಡ್ತಾನೆ?"